ಕುರಿ ಕಾಯುವವರು, ಉಣ್ಣೆ ಕತ್ತರಿಸುವವರು

ಮೇಷ್ಟರ ಕೆಲಸಕ್ಕೆ ಸೇರಿದವರಿಗೆ ಹೊಗಳಿಕೆಗೇನೂ ಕಡಿಮೆಯಿಲ್ಲ. ಗುರುವೇ ದೇವರು ಅನ್ನುತ್ತಾರೆ. ಸೆಪ್ಟೆಂಬರ್ 5 ಬಂದರೆ ಹಾರ, ಪೆನ್ನು, ಒಂದು ಭಾಷಣ. ಮಾರನೆಯ ದಿನ ಮತ್ತದೇ ಹಾಜರಿ ಪುಸ್ತಕ, ಅದೇ ಮಧ್ಯಾಹ್ನದ ಊಟದ ಲೆಕ್ಕ! ಇಂಥ ಹೊಗಳಿಕೆಯ ನಡುವೆ, ದಯವಿಟ್ಟು ಗುರುವಾಗಲು ಮುನ್ನುಗ್ಗಬೇಡಿ ಎಂದು ಕೈ ಹಿಡಿದು ತಡೆಯುವ ಮಾತೊಂದು ನಮಗೆ ಸಿಕ್ಕಿದ್ದು ಬೈಬಲ್ಲಿನಲ್ಲಿ. ಹೊಸ ಒಡಂಬಡಿಕೆಯಲ್ಲಿ ಯಾಕೋಬನ ಪತ್ರ ಅಂತ ಒಂದು ಪುಟ್ಟ ಪತ್ರವಿದೆ. ಅದರ ಮೂರನೆಯ ಅಧ್ಯಾಯ ಶುರುವಾಗುವುದೇ ಈ ಎಚ್ಚರಿಕೆಯಿಂದ. ಬಹಳ ಜನ ಬೋಧಕರಾಗುವುದು ಬೇಡ, ಯಾಕೆಂದರೆ ಬೋಧಿಸುವವರ ವಿಚಾರಣೆ ಉಳಿದವರ ವಿಚಾರಣೆಗಿಂತ ಕಠಿಣವಾಗಿರುತ್ತದೆ ಎಂಬುದು ಅದರ ತಾತ್ಪರ್ಯ.

ಇದು ಧರ್ಮಬೋಧಕರಿಗೆ ಹೇಳಿದ ಮಾತು, ನಿಜ. ಆದರೆ ಬಾಯಿಂದ ಹೇಳಿ ಹೊಟ್ಟೆ ಹೊರೆಯುವ ನಮ್ಮಂಥವರಿಗೂ ಅದು ತಗಲುತ್ತದೆ ಅಂತ ನಮಗನ್ನಿಸುತ್ತದೆ. ಇವತ್ತು ಬರೆಯಹೊರಟಿದ್ದು ಆ ವಿಚಾರಣೆಯ ಬಗ್ಗೆಯೇ. ದೇವರ ಹೆಸರು ಹೇಳಿ ಬಡವರ ಗಂಟು ಬಿಚ್ಚಿಸುವವರನ್ನು ಬೈಬಲ್ಲು ಹೇಗೆ ಕಾಣುತ್ತದೆ ಎಂಬುದರ ಬಗ್ಗೆ.

ಕನ್ನಡ ಶಾಲೆಯ ಮೇಷ್ಟರಿಗೆ ಇದೇನು ಉಸಾಬರಿ ಅಂತ ಕೇಳಬಹುದು. ಎರಡು ಕಾರಣ ಇವೆ.

ಮೊದಲನೆಯದು, ಕನ್ನಡ ಬೈಬಲ್ಲಿಗೂ ನಮ್ಮ ಸೀಮೆಗೂ ಇರುವ ನಂಟು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಎಂಬವರು 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿ, ಕನ್ನಡ ಕಲಿತು, ಬೈಬಲ್ಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೂತರು. ಅದೇ ಮಿಷನ್ನಿನ ವಿಲಿಯಂ ರೀವ್ ಕನ್ನಡಕ್ಕೆ ನಿಘಂಟು ಕಟ್ಟಿದರು. 1830ರ ದಶಕದ ಆರಂಭದ ಹೊತ್ತಿಗೆ ಇಡೀ ಬೈಬಲ್ಲು ಕನ್ನಡದಲ್ಲಿ ಅಚ್ಚಾಗಿತ್ತು. ಆಗ ಆದವಾನಿ, ಆಲೂರು, ರಾಯದುರ್ಗ ಎಲ್ಲವೂ ಬಳ್ಳಾರಿ ಜಿಲ್ಲೆಯೇ. 1953ರ ಅಕ್ಟೋಬರ್ 1ರಂದು ಜಿಲ್ಲೆ ಒಡೆದು ಬಳ್ಳಾರಿ ಮೈಸೂರಿಗೆ ಹೋಯಿತು, ಈ ಮೂರು ತಾಲೂಕು ಆಂಧ್ರಕ್ಕೆ ಉಳಿದವು. ಗೆರೆ ಬಿತ್ತು, ಮಾತು ಮಾತ್ರ ಗೆರೆಯ ಎರಡೂ ಕಡೆ ಉಳಿಯಿತು. ಹಾಗಾಗಿ ಕನ್ನಡ ಬೈಬಲ್ಲನ್ನು ನಮ್ಮ ಹಳೇ ಜಿಲ್ಲೆಯ ಕನ್ನಡದ ಕೆಲಸ ಅಂತಲೇ ನಾವು ಲೆಕ್ಕ ಹಿಡಿಯುತ್ತೇವೆ. ನಮ್ಮ ತರಗತಿಯಲ್ಲಿ ಭಾನುವಾರ ಚರ್ಚಿಗೆ ಹೋಗುವ ಮಕ್ಕಳೂ ಇದ್ದಾರೆ, ಉರುಕುಂದಿಗೆ, ಮಂತ್ರಾಲಯಕ್ಕೆ ಹೋಗುವ ಮಕ್ಕಳೂ ಇದ್ದಾರೆ, ದರ್ಗಾಕ್ಕೆ ಸಕ್ಕರೆ ಓದಿಸುವವರೂ ಇದ್ದಾರೆ. ಎಲ್ಲರ ಮನೆಯ ಪುಸ್ತಕವನ್ನೂ ಮೇಷ್ಟರು ಒಂದಿಷ್ಟು ತಿರುವಿ ಹಾಕಿರಬೇಕು ಎಂಬುದು ನಮ್ಮ ನಂಬಿಕೆ.

ಎರಡನೆಯ ಕಾರಣ ಒಬ್ಬ ತಾಯಿ.

ನಮ್ಮ ಕಡೆ ಮಳೆ ಕೈಕೊಟ್ಟ ವರ್ಷ ಊರಿಗೆ ಊರೇ ಗುಂಟೂರಿನ ಕಡೆ ಮೆಣಸಿನಕಾಯಿ ಬಿಡಿಸಲು ಗುಳೆ ಹೋಗುತ್ತದೆ. ಸಂಕ್ರಾಂತಿ ಆದಮೇಲೆ ತರಗತಿ ಅರ್ಧ ಖಾಲಿ. ಅಜ್ಜಿ ಇದ್ದ ಮಕ್ಕಳು ಉಳಿಯುತ್ತಾರೆ, ಇಲ್ಲದವರು ಅಪ್ಪ ಅಮ್ಮನ ಜೊತೆ ಲಾರಿ ಹತ್ತುತ್ತಾರೆ. ಈ ತಾಯಿಯೂ ಹೋಗಿದ್ದಳು. ಮಗಳು ನಮ್ಮಲ್ಲಿ ಏಳನೆಯ ತರಗತಿ, ಮಗ ಎರಡನೆಯದು. ಹುಡುಗನಿಗೆ ಮೂರ್ಛೆ ಬರುತ್ತಿತ್ತು. ಸರಕಾರಿ ಆಸ್ಪತ್ರೆಯ ಗುಳಿಗೆ ನುಂಗಿಸಲು ಶುರುಮಾಡಿದ ಮೇಲೆ ತಿಂಗಳುಗಟ್ಟಲೆ ಬಂದಿರಲಿಲ್ಲ. 2023ರ ಏಪ್ರಿಲ್ ಮೊದಲ ವಾರ ಆಕೆ ಹನ್ನೆರಡು ಸಾವಿರ ರೂಪಾಯಿ ಸೆರಗಿಗೆ ಕಟ್ಟಿಕೊಂಡು ಊರಿಗೆ ಬಂದಳು. ಅದೇ ವಾರ ಪಟ್ಟಣದ ಮೈದಾನದಲ್ಲಿ ಮೂರು ದಿನದ ಸ್ವಸ್ಥತಾ ಕೂಟ. ಎಲ್ಲಿಂದಲೋ ಬಂದ ಪ್ರಸಂಗಿ, ದೊಡ್ಡ ಸ್ಟೇಜು, ಕೀಬೋರ್ಡು, ನಮ್ಮ ಶಾಲೆಯ ಕಾಂಪೌಂಡಿಗೂ ಅಂಟಿಸಿದ ಪೋಸ್ಟರು. ಮೂರನೆಯ ರಾತ್ರಿ ಆಕೆ ಎಂಟು ಸಾವಿರವನ್ನು ಕವರಿನಲ್ಲಿ ಹಾಕಿ "ವಿಶ್ವಾಸದ ಬೀಜ" ಅಂತ ಕೊಟ್ಟು ಬಂದಳು. ಗುಳಿಗೆ ನಿಲ್ಲಿಸಿದಳು. ಗುಳಿಗೆ ಮುಂದುವರಿಸಿದರೆ ದೇವರ ಮೇಲೆ ಅನುಮಾನಪಟ್ಟ ಹಾಗೆ ಅಂತ ಸ್ಟೇಜಿನ ಮೇಲಿಂದ ಹೇಳಿದ್ದರಂತೆ.

ಹತ್ತು ದಿನದೊಳಗೆ ಹುಡುಗ ತರಗತಿಯಲ್ಲೇ ಬಿದ್ದ. ಒಂದರ ಹಿಂದೆ ಒಂದು, ಎರಡು ಸಲ. ಮೂರ್ಛೆಯ ಔಷಧವನ್ನು ಹಠಾತ್ತನೆ ನಿಲ್ಲಿಸುವುದು ಎಷ್ಟು ಅಪಾಯ ಎಂದು ಡಾಕ್ಟರು ಗದರಿಸಿ ಹೇಳಿದರು. ರೋಗ ಮೊದಲಿಗಿಂತ ಜೋರಾಗಿ ಮರುಕಳಿಸಬಹುದು, ಪ್ರಾಣಕ್ಕೇ ಬರಬಹುದು ಎಂದರು. ಹುಡುಗ ಉಳಿದ. ಆದರೆ ಆಕೆ ಮತ್ತೆ ಗುಳಿಗೆ ಶುರುಮಾಡಲು ಹಿಂಜರಿಯುತ್ತಿದ್ದಳು.

ನಾವಿಬ್ಬರು ಮೇಷ್ಟರು ಮನೆಗೆ ಹೋದೆವು. ದುಡ್ಡಿನ ಮಾತು ತೆಗೆದದ್ದೇ ತಡ, ಆಕೆ ಅಂದಳು: "ದೇವ್ರಿಗೆ ಕೊಟ್ಟದ್ದಕ್ಕ ಲೆಕ್ಕ ಕೇಳಬಾರ್ದಂತ ಸಾರ್. ಕೇಳಿದ್ರ ಶಾಪ ತಟ್ಟತೈತಂತ."

ನಮಗೆ ಉತ್ತರ ಹೊಳೆಯಲಿಲ್ಲ. ನಾವು ಹೊರಗಿನವರು, ಆಕೆಯ ನಂಬಿಕೆಯ ಬಗ್ಗೆ ಮಾತಾಡಲು ನಮಗೇನು ಅಧಿಕಾರ? ಆಗ ನೆನಪಾದವರು ಆ ಊರಿನ ಪಾಸ್ಟರಯ್ಯ. ಸೈಕಲ್ಲಿನಲ್ಲಿ ನಾಲ್ಕು ಹಳ್ಳಿ ಸುತ್ತುವ, ವಯಸ್ಸಾದ, ಮಾತು ಕಡಿಮೆಯ ಮನುಷ್ಯ. ಅವರು ಬಂದು ಕಟ್ಟೆಯ ಮೇಲೆ ಕೂತರು. ಬೈದದ್ದಿಲ್ಲ, ವಾದ ಮಾಡಿದ್ದಿಲ್ಲ. "ಯಮ್ಮಾ, ಪುಸ್ತಕದಾಗ ಏನೈತಿ ನೋಡೋಣ" ಅಂದರು. ಆಮೇಲಿನ ಒಂದು ಗಂಟೆ ನಾವೂ ಆಕೆಯ ಜೊತೆ ವಿದ್ಯಾರ್ಥಿಗಳಾಗಿ ಕೂತೆವು. ಆವತ್ತು ಕೇಳಿದ್ದು, ಆಮೇಲೆ ನಾವೇ ಓದಿಕೊಂಡದ್ದು, ಎರಡನ್ನೂ ಸೇರಿಸಿ ಇಲ್ಲಿ ಹೇಳುತ್ತೇವೆ.

ಅವರು ಮೊದಲು ತೆಗೆದದ್ದು ಅರಸುಗಳ ಎರಡನೆಯ ಪುಸ್ತಕದ ಐದನೆಯ ಅಧ್ಯಾಯ. ಅರಾಮ್ ದೇಶದ ಸೇನಾಪತಿ ನಾಮಾನನಿಗೆ ಕುಷ್ಠ. ಪ್ರವಾದಿ ಎಲೀಷನ ಮನೆ ಬಾಗಿಲಿಗೆ ಬರುತ್ತಾನೆ. ಜೊತೆಗೆ ಹತ್ತು ತಲಾಂತು ಬೆಳ್ಳಿ, ಅಂದರೆ ಇಂದಿನ ಲೆಕ್ಕದಲ್ಲಿ ಮುನ್ನೂರು ಕಿಲೋಗೂ ಮಿಕ್ಕಿದ ಬೆಳ್ಳಿ, ಆರು ಸಾವಿರ ನಾಣ್ಯದಷ್ಟು ಬಂಗಾರ, ಹತ್ತು ಜೊತೆ ಬಟ್ಟೆ. ಯೊರ್ದನ್ ಹೊಳೆಯಲ್ಲಿ ಏಳು ಸಲ ಮುಳುಗಿ ಗುಣವಾದ ಮೇಲೆ ಅದನ್ನೆಲ್ಲ ಕೊಡಲು ಬರುತ್ತಾನೆ. ಎಲೀಷ ಒಂದು ಚೂರನ್ನೂ ಮುಟ್ಟುವುದಿಲ್ಲ. ಎಷ್ಟು ಒತ್ತಾಯಿಸಿದರೂ ಇಲ್ಲ. ಆದರೆ ಎಲೀಷನ ಸೇವಕ ಗೇಹಜಿಗೆ ಇಷ್ಟು ದುಡ್ಡು ಕೈತಪ್ಪಿ ಹೋಗುತ್ತಿದೆಯಲ್ಲಾ ಎಂಬ ಸಂಕಟ. ಹಿಂದೆಯೇ ಓಡಿ ಹೋಗಿ ಸುಳ್ಳು ಹೇಳುತ್ತಾನೆ. ಏನಂತ? ಈಗಷ್ಟೇ ಇಬ್ಬರು ಬಡ ಶಿಷ್ಯರು ಬಂದಿದ್ದಾರೆ, ಅವರಿಗಾಗಿ ಸ್ವಲ್ಪ ಬೆಳ್ಳಿ, ಎರಡು ಜೊತೆ ಬಟ್ಟೆ ಬೇಕು ಅಂತ! ಕಾಣದ ಬಡವರ ಹೆಸರಿನಲ್ಲಿ ಚಂದಾ ಎತ್ತುವ ವಿದ್ಯೆ ಎಷ್ಟು ಹಳೆಯದು ನೋಡಿ. ಕಥೆಯ ಕೊನೆಯಲ್ಲಿ ನಾಮಾನನ ಕುಷ್ಠ ಗೇಹಜಿಗೆ ಅಂಟಿಕೊಳ್ಳುತ್ತದೆ.

ಪಾಸ್ಟರಯ್ಯ ಇಷ್ಟೇ ಕೇಳಿದರು: "ವಾಸಿ ಮಾಡಿದ್ದಕ್ಕ ರೊಕ್ಕ ತಗೊಂಡವ ಯಾರು, ತಗೊಳದವ ಯಾರು?" ಆಕೆ ಸುಮ್ಮನಿದ್ದಳು. ಮಗಳು ಒಳಗಿನಿಂದ ಹೇಳಿದಳು: "ಎಲೀಷ ತಗೊಳಲಿಲ್ಲ."

ಏಸು ತನ್ನ ಹನ್ನೆರಡು ಮಂದಿಯನ್ನು ಊರೂರಿಗೆ ಕಳಿಸುವಾಗ ಹೇಳಿದ್ದೂ ಇದೇ ದಾರಿಯ ಮಾತು. ಮತ್ತಾಯನ ಹತ್ತನೆಯ ಅಧ್ಯಾಯದಲ್ಲಿದೆ. ರೋಗಿಗಳನ್ನು ಗುಣಮಾಡಿರಿ ಎಂದ ಉಸಿರಿನಲ್ಲೇ, ನಿಮಗೆ ಪುಕ್ಕಟೆ ಬಂದದ್ದನ್ನು ಪುಕ್ಕಟೆಯಾಗಿ ಕೊಡಿ, ಸೊಂಟದಲ್ಲಿ ದುಡ್ಡು ಕಟ್ಟಿಕೊಳ್ಳಬೇಡಿ ಎನ್ನುತ್ತಾನೆ. ಅಪೊಸ್ತಲರ ಕೃತ್ಯಗಳ ಎಂಟನೆಯ ಅಧ್ಯಾಯದಲ್ಲಿ ಸಮಾರ್ಯದ ಸೀಮೋನ ಎಂಬ ಮಾಟಗಾರ ಬರುತ್ತಾನೆ. ಅವನು ದುಡ್ಡು ತಂದು ಮುಂದಿಟ್ಟು, ನಿಮಗಿರುವ ಶಕ್ತಿ ನನಗೂ ಕೊಡಿ ಎಂದು ಕೇಳಿದಾಗ ಪೇತ್ರ ಅವನನ್ನೂ ಅವನ ದುಡ್ಡನ್ನೂ ಒಟ್ಟಿಗೆ ಝಾಡಿಸುತ್ತಾನೆ. ಚರ್ಚಿನ ಹುದ್ದೆಗಳನ್ನು ದುಡ್ಡಿಗೆ ಮಾರುವ ಪಾಪಕ್ಕೆ ಯುರೋಪಿನ ಭಾಷೆಗಳಲ್ಲಿ 'ಸೈಮನಿ' ಅಂತ ಹೆಸರು ಬಂದದ್ದು ಈ ಸೀಮೋನನಿಂದಲೇ.

ಇನ್ನು ಲೆಕ್ಕ ಕೇಳಬಾರದು ಎಂಬ ಮಾತು. ಅದೇ ಅರಸುಗಳ ಎರಡನೆಯ ಪುಸ್ತಕ, ಹನ್ನೆರಡನೆಯ ಅಧ್ಯಾಯ. ಯೋವಾಷನೆಂಬ ಅರಸ ದೇವಾಲಯದ ರಿಪೇರಿಗೆಂದು ಬರುವ ಕಾಣಿಕೆಯನ್ನು ಯಾಜಕರ ಕೈಗೆ ಬಿಟ್ಟಿರುತ್ತಾನೆ. ಅವನು ಪಟ್ಟಕ್ಕೆ ಬಂದು ಇಪ್ಪತ್ತಮೂರನೆಯ ವರ್ಷವಾದರೂ ಒಂದು ಬಿರುಕೂ ಮುಚ್ಚಿರುವುದಿಲ್ಲ. ಆಗೇನು ಮಾಡಿದರು? ಒಂದು ಪೆಟ್ಟಿಗೆ ತಂದು, ಮುಚ್ಚಳಕ್ಕೆ ತೂತು ಕೊರೆದು, ಯಜ್ಞವೇದಿಯ ಪಕ್ಕದಲ್ಲಿ ಇಟ್ಟರು. ಪೆಟ್ಟಿಗೆ ತುಂಬಿದಾಗ ಅರಸನ ಲೇಖಕನೂ ಮಹಾಯಾಜಕನೂ ಇಬ್ಬರೂ ಕೂತು ಎಣಿಸಬೇಕು. ಎಣಿಸಿದ ದುಡ್ಡು ನೇರವಾಗಿ ಬಡಗಿಗಳಿಗೆ, ಕಲ್ಲುಕುಟಿಗರಿಗೆ ಹೋಗಬೇಕು. ಹುಂಡಿ ಪೆಟ್ಟಿಗೆ, ಎರಡು ಕಡೆಯ ಸಾಕ್ಷಿ, ಪಾವತಿ. ಎರಡೂವರೆ ಸಾವಿರ ವರ್ಷಕ್ಕೂ ಹಳೆಯ ಪುಸ್ತಕದಲ್ಲಿ ಆಡಿಟ್!

ಹೊಸ ಒಡಂಬಡಿಕೆಯಲ್ಲೂ ಇದೆ. ಯೆರೂಸಲೇಮಿನ ಬಡವರಿಗಾಗಿ ಪೌಲ ಊರೂರಲ್ಲಿ ದುಡ್ಡು ಕೂಡಿಸುತ್ತಾನೆ. ಆದರೆ ತಾನೊಬ್ಬನೇ ಹೊತ್ತುಕೊಂಡು ಹೋಗುವುದಿಲ್ಲ. ನೀವು ಆರಿಸಿದವರ ಕೈಯಲ್ಲೇ ಪತ್ರ ಕೊಟ್ಟು ಕಳಿಸುತ್ತೇನೆ ಎಂದು ಕೊರಿಂಥದವರಿಗೆ ಮೊದಲ ಪತ್ರದಲ್ಲಿ ಬರೆಯುತ್ತಾನೆ. ಎರಡನೆಯ ಪತ್ರದ ಎಂಟನೆಯ ಅಧ್ಯಾಯದಲ್ಲಿ ಕಾರಣವನ್ನೂ ಹೇಳುತ್ತಾನೆ. ಇಷ್ಟು ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ಬೆರಳು ತೋರಿಸಬಾರದು, ದೇವರ ಮುಂದೆ ಸರಿಯಿದ್ದರೆ ಸಾಲದು, ಮನುಷ್ಯರ ಕಣ್ಣಿಗೂ ಸರಿಯಾಗಿ ಕಾಣಬೇಕು ಎಂಬ ಅರ್ಥದಲ್ಲಿ. ಅಂದಮೇಲೆ ಲೆಕ್ಕ ಕೇಳಿದರೆ ಶಾಪ ಎಂಬುದು ಯಾವ ಪುಸ್ತಕದ ಮಾತು?

ಆ ಕೂಟದಲ್ಲಿ ಜಾಸ್ತಿ ಓದಿದ್ದು ಮಲಾಕಿಯನ ಮೂರನೆಯ ಅಧ್ಯಾಯವಂತೆ. ಹತ್ತರಲ್ಲೊಂದು ಪಾಲು ಭಂಡಾರಕ್ಕೆ ತಂದರೆ ಆಕಾಶದ ಬಾಗಿಲು ತೆರೆದು ಆಶೀರ್ವಾದ ಸುರಿಯುತ್ತದೆ ಎಂಬ ಭಾಗ. ಪಾಸ್ಟರಯ್ಯ ಅದನ್ನು ಅಲ್ಲಗಳೆಯಲಿಲ್ಲ. ಅದು ಹತ್ತನೆಯ ವಚನ, ಅದೇ ಅಧ್ಯಾಯದ ಐದನೆಯದನ್ನೂ ಓದು ಅಂತ ಹುಡುಗಿಯ ಕೈಗೆ ಪುಸ್ತಕ ಕೊಟ್ಟರು. ಕೂಲಿಯವರ ಕೂಲಿಯಲ್ಲಿ ಮೋಸ ಮಾಡುವವರ ಮೇಲೆ, ವಿಧವೆಯರನ್ನೂ ತಬ್ಬಲಿಗಳನ್ನೂ ಹಿಂಸಿಸುವವರ ಮೇಲೆ ದೇವರು ತಾನೇ ಸಾಕ್ಷಿಯಾಗಿ ನಿಲ್ಲುತ್ತಾನೆ ಎಂದಿದೆ ಅಲ್ಲಿ. ಅಷ್ಟೇ ಅಲ್ಲ, ಅದಕ್ಕೂ ಹಿಂದಿನ ಎರಡು ಅಧ್ಯಾಯಗಳಲ್ಲಿ ಬಹುಪಾಲು ಬೈಗುಳ ಬಿದ್ದಿರುವುದು ಯಾಜಕರಿಗೇ. ಆ ಹತ್ತನೆಯ ಪಾಲು ಯಾರಿಗೆ? ಧರ್ಮೋಪದೇಶಕಾಂಡದ ಹದಿನಾಲ್ಕನೆಯ ಅಧ್ಯಾಯ ನೋಡಿ. ಮೂರು ವರ್ಷಕ್ಕೊಮ್ಮೆ ಆ ಪಾಲನ್ನು ಊರಲ್ಲೇ ಇಟ್ಟು, ಭೂಮಿಯಿಲ್ಲದ ಲೇವಿಯರು, ಪರದೇಶಿಗಳು, ತಬ್ಬಲಿಗಳು, ವಿಧವೆಯರು ಹೊಟ್ಟೆ ತುಂಬ ಉಣ್ಣಬೇಕು. ಈ ತಾಯಿಯೂ ಗಂಡನನ್ನು ಕಳೆದುಕೊಂಡವಳೇ. ಪುಸ್ತಕದ ಪ್ರಕಾರ ಆಕೆ ಆ ಪಾಲನ್ನು ಪಡೆಯಬೇಕಾದವರ ಸಾಲಿನಲ್ಲಿದ್ದಳು.

ವಿಧವೆಯ ಎರಡು ಕಾಸಿನ ಕಥೆ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಮಾರ್ಕನ ಹನ್ನೆರಡನೆಯ ಅಧ್ಯಾಯದಲ್ಲಿದೆ. ಶ್ರೀಮಂತರು ಉಳಿದದ್ದರಲ್ಲಿ ಹಾಕಿದರು, ಈ ಬಡ ವಿಧವೆ ಇದ್ದದ್ದನ್ನೆಲ್ಲ ಹಾಕಿದಳು ಎಂದು ಏಸು ಹೇಳುತ್ತಾನೆ. ಆ ಎರಡು ಕಾಸು ಎಷ್ಟಿರಬಹುದು ಅಂತ ನಾವು ತರಗತಿಯಲ್ಲಿ ಲೆಕ್ಕ ಹಾಕಿಸಿದ್ದುಂಟು. ರೋಮಿನ ಒಂದು ದಿನಾರಿ ಅಂದರೆ ಒಂದು ದಿನದ ಕೂಲಿ. ಈಕೆ ಹಾಕಿದ್ದು ಅದರ 64ರಲ್ಲಿ ಒಂದು ಭಾಗ. ಕೂಲಿ 320 ರೂಪಾಯಿ ಅಂತ ಇಟ್ಟುಕೊಂಡರೆ ಬರೀ 5 ರೂಪಾಯಿ. ಕಾಣಿಕೆ ಎತ್ತುವವರು ಈ ಕಥೆಯನ್ನು ಇಲ್ಲಿಂದ ಶುರುಮಾಡಿ ಇಲ್ಲಿಗೇ ಮುಗಿಸುತ್ತಾರೆ. ಆದರೆ ಪುಸ್ತಕದಲ್ಲಿ ಇದರ ಹಿಂದಿನ ಸಾಲುಗಳು ಏನು ಗೊತ್ತೇ? ಉದ್ದ ನಿಲುವಂಗಿ ತೊಟ್ಟು ಸಂತೆಬೀದಿಯಲ್ಲಿ ನಮಸ್ಕಾರ ಬಯಸುವ, ಔತಣಗಳಲ್ಲಿ ಮೊದಲ ಪಂಕ್ತಿ ಬಯಸುವ, ವಿಧವೆಯರ ಮನೆಗಳನ್ನು ನುಂಗುತ್ತ ಉದ್ದುದ್ದ ಪ್ರಾರ್ಥನೆ ಮಾಡುವ ಶಾಸ್ತ್ರಿಗಳ ಬಗ್ಗೆ ಎಚ್ಚರಿಕೆ! ಆ ಎಚ್ಚರಿಕೆ ಮುಗಿದ ಕೂಡಲೇ ವಿಧವೆ ಬರುತ್ತಾಳೆ. ಅವಳ ಕಥೆ ಮುಗಿದ ಕೂಡಲೇ ಆ ದೇವಾಲಯದಲ್ಲಿ ಕಲ್ಲಿನ ಮೇಲೆ ಕಲ್ಲು ಉಳಿಯದು ಎಂಬ ಮಾತು ಬರುತ್ತದೆ. ಅದಕ್ಕೇ ಕೆಲವು ಬೈಬಲ್ ಪಂಡಿತರು ಇದರಲ್ಲಿ ಮೆಚ್ಚುಗೆಗಿಂತ ಸಂಕಟವೇ ಹೆಚ್ಚು ಎಂದು ಓದುತ್ತಾರೆ. ಮೆಚ್ಚುಗೆ ಎಂದೇ ಓದಿದರೂ ಮೆಚ್ಚುಗೆ ಕೊಟ್ಟವಳಿಗೆ, ಕಿತ್ತುಕೊಂಡವರಿಗಲ್ಲ.

ಇನ್ನು ಪ್ರವಾದಿಗಳಂತೂ ಮುಲಾಜೇ ಇಲ್ಲದ ಜನ. ಮೀಕನ ಮೂರನೆಯ ಅಧ್ಯಾಯದ ಒಂದು ವರ್ಣನೆ ಓದಿ ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರೂ ನಕ್ಕೆವು. ಬಾಯಿಗೆ ತಿನ್ನಲು ಏನಾದರೂ ಇಟ್ಟವರಿಗೆ ಸಮಾಧಾನ ಸಾರುವ, ಏನೂ ಇಡದವರ ಮೇಲೆ ಯುದ್ಧ ಸಾರುವ ಪ್ರವಾದಿಗಳು ಅಂತೆ! ಸಮುವೇಲನ ಮೊದಲ ಪುಸ್ತಕದಲ್ಲಿ ಏಲಿಯ ಮಕ್ಕಳು ಹೊಫ್ನಿ, ಫೀನೆಹಾಸ ಎಂಬ ಯಾಜಕರಿದ್ದಾರೆ. ಜನ ಯಜ್ಞಕ್ಕೆ ತಂದ ಮಾಂಸ ಬೇಯುತ್ತಿದ್ದಂತೆಯೇ ಅವರ ಆಳು ಮೂರು ಹಲ್ಲಿನ ಮುಳ್ಳುಗೋಲು ತಂದು ಹಂಡೆಗೆ ಚುಚ್ಚಿ, ಸಿಕ್ಕಿದ್ದೆಲ್ಲ ಯಾಜಕನಿಗೆ ಅಂತ ಎತ್ತಿಕೊಂಡು ಹೋಗುತ್ತಾನೆ. ಕೊಡದಿದ್ದರೆ ಬಲವಂತ. ಪೇತ್ರನ ಎರಡನೆಯ ಪತ್ರವೋ, ಸುಳ್ಳು ಬೋಧಕರು ದುರಾಸೆಯಿಂದ ಕಟ್ಟುಮಾತು ಹೇಳಿ ನಿಮ್ಮನ್ನೇ ವ್ಯಾಪಾರದ ಸರಕು ಮಾಡಿಕೊಳ್ಳುತ್ತಾರೆ ಎಂದು ಎಚ್ಚರಿಸುತ್ತದೆ.

ಆದರೆ ನಮಗೆ ಹೆಚ್ಚು ತಾಗಿದ್ದು ಯೆಹೆಜ್ಕೇಲನ ಮೂವತ್ನಾಲ್ಕನೆಯ ಅಧ್ಯಾಯ. ಇಸ್ರಾಯೇಲಿನ ಕುರುಬರ ಮೇಲೆ, ಅಂದರೆ ಜನರನ್ನು ನಡೆಸಬೇಕಾದವರ ಮೇಲೆ, ಅಲ್ಲೊಂದು ದೋಷಾರೋಪ ಪಟ್ಟಿ ಇದೆ. ಕೊಬ್ಬು ತಿನ್ನುತ್ತೀರಿ, ಉಣ್ಣೆ ಹೊದೆಯುತ್ತೀರಿ, ಕೊಬ್ಬಿದ್ದನ್ನು ಕೊಯ್ಯುತ್ತೀರಿ, ಕುರಿ ಮಾತ್ರ ಮೇಯಿಸುವುದಿಲ್ಲ. ಬಡಕಲಾದದ್ದನ್ನು ಸಾಕಲಿಲ್ಲ, ಮುರಿದ ಕಾಲಿಗೆ ಪಟ್ಟಿ ಕಟ್ಟಲಿಲ್ಲ, ತಪ್ಪಿಸಿಕೊಂಡದ್ದನ್ನು ಹುಡುಕಲಿಲ್ಲ. ಇದನ್ನು ನೀತಿಪಾಠದ ಅವಧಿಯಲ್ಲಿ ಹೇಳಿದಾಗ ಕುರಿ ಸಾಕುವ ಮನೆಯ ಹುಡುಗನೊಬ್ಬ ಎದ್ದು ನಿಂತ. "ಸಾರ್, ಉಣ್ಣಿ ಕತ್ತರಿಸಲೇಬೇಕು. ಬಿಟ್ರ ಕುರಿಗೇ ಸೆಕಿ. ನಮ್ಮಪ್ಪನೂ ಕತ್ತರಿಸ್ತಾನ. ಅದೇನು ತಪ್ಪು?" ಒಳ್ಳೆಯ ಪ್ರಶ್ನೆ! ಉತ್ತರವನ್ನೂ ಅವನೇ ಕೊಟ್ಟ. "ಆದ್ರ ಅಪ್ಪ ರಾತ್ರಿ ಹಟ್ಟಿಯಾಗ ಮಲಗ್ತಾನ, ಕಾಲಿಗೆ ಮುಳ್ಳು ಚುಚ್ಚಿದ್ರ ತೆಗೀತಾನ. ಉಣ್ಣಿ ಕತ್ತರಿಸಿ ಹೋಗಿಬಿಡಾದಲ್ಲ."

ಇಡೀ ವಿಷಯದ ತಿರುಳೇ ಇದು ಅನ್ನಿಸಿತು ನಮಗೆ. ದುಡಿಯುವವನು ಕೂಲಿಗೆ ಯೋಗ್ಯ ಎಂದು ಬೈಬಲ್ಲೂ ಹೇಳುತ್ತದೆ. ಲೂಕನಲ್ಲಿದೆ, ತಿಮೊಥೆಗೆ ಬರೆದ ಪತ್ರದಲ್ಲಿದೆ. ಪಾಸ್ಟರಯ್ಯನ ಮನೆಯ ಒಲೆಯೂ ಉರಿಯಬೇಕಲ್ಲವೇ? ಅವರಿಗೆ ಊರವರು ಕೊಡುವ ಜೋಳ, ಶೇಂಗಾ ದುರಾಸೆಯಲ್ಲ. ಪೌಲ ಆ ಹಕ್ಕನ್ನು ಒಪ್ಪಿಕೊಂಡೂ ತಾನು ಡೇರೆ ಹೊಲಿದು ದುಡಿದ, ಯಾರ ಬೆಳ್ಳಿ ಬಂಗಾರಕ್ಕೂ ಆಸೆಪಡಲಿಲ್ಲ ಎಂದು ಎಫೆಸದ ಹಿರಿಯರ ಮುಂದೆ ತನ್ನ ಕೈಗಳನ್ನೇ ಸಾಕ್ಷಿಯಾಗಿ ಹೇಳಿದ. ಉಣ್ಣೆ ಕತ್ತರಿಸುವುದು ತಪ್ಪಲ್ಲ. ಕತ್ತರಿಸಿಕೊಂಡು ಬಸ್ಸು ಹತ್ತುವುದು ತಪ್ಪು. ಕುರಿ ಬಿದ್ದ ದಿನ ಆಸ್ಪತ್ರೆಗೆ ಯಾರು ಬಂದರು ಎಂಬುದೇ ಪರೀಕ್ಷೆ. ನಮ್ಮ ಹುಡುಗ ಬಿದ್ದಾಗ ಬಂದವರು ಸೈಕಲ್ಲಿನ ಪಾಸ್ಟರಯ್ಯ. ಸ್ಟೇಜಿನವರು ಅಷ್ಟರಲ್ಲಿ ಬೇರೆ ಊರಿನಲ್ಲಿ ಶಾಮಿಯಾನ ಹಾಕಿಸುತ್ತಿದ್ದರು.

ಊರೂರು ತಿರುಗುವವರ ಈ ತೊಂದರೆ ಕ್ರೈಸ್ತರ ಮೊದಲ ತಲೆಮಾರುಗಳಿಗೇ ಗೊತ್ತಿತ್ತು. 'ದಿದಖೆ' ಎಂಬ ಬಹಳ ಹಳೆಯ ಕೈಪಿಡಿಯೊಂದಿದೆ. ಅದರ ಗ್ರೀಕ್ ಹಸ್ತಪ್ರತಿ 1873ರಲ್ಲಿ ಕಾನ್‌ಸ್ಟಾಂಟಿನೋಪಲ್ಲಿನಲ್ಲಿ ಸಿಕ್ಕಿ, 1883ರಲ್ಲಿ ಅಚ್ಚಾಯಿತು. ಅದರಲ್ಲಿ ಬೋಧಕರನ್ನು ಪರೀಕ್ಷಿಸುವ ನಿಯಮ ನಮ್ಮ ಅಜ್ಜಿಯಂದಿರ ಬುದ್ಧಿಮಾತಿನಷ್ಟು ಸರಳ. ಬಂದವನು ಒಂದು ದಿನ ಇರಲಿ, ಬೇಕಾದರೆ ಇನ್ನೊಂದು ದಿನ. ಮೂರು ದಿನ ಕೂತರೆ ಸುಳ್ಳು ಪ್ರವಾದಿ. ಹೊರಡುವಾಗ ಮುಂದಿನ ತಂಗುದಾಣದವರೆಗೆ ರೊಟ್ಟಿ ಕೊಡಿ, ದುಡ್ಡು ಕೇಳಿದರೆ ಸುಳ್ಳು ಪ್ರವಾದಿ. ಇಲ್ಲದ ಬೇರೆಯವರಿಗೆ ಕೊಡಿ ಎಂದು ಕೇಳಿದರೆ ಮಾತ್ರ ತಪ್ಪು ತಿಳಿಯಬೇಡಿ. ಇಷ್ಟಿದ್ದೂ ರೋಗ ಹೋಗಲಿಲ್ಲ. 1517ರಲ್ಲಿ ಜರ್ಮನಿಯಲ್ಲಿ ಯೋಹಾನ್ ಟೆಟ್ಸೆಲ್ ಪಾಪಶಿಕ್ಷೆಯ ಮಾಫಿಪತ್ರಗಳನ್ನು ಮಾರುತ್ತ ತಿರುಗಿದ. ಆ ದುಡ್ಡಿನಲ್ಲಿ ಅರ್ಧ ರೋಮಿನ ಸಂತ ಪೇತ್ರರ ದೇವಾಲಯ ಕಟ್ಟಲು. ಇನ್ನರ್ಧ ಮೈನ್ಸಿನ ಆರ್ಚ್‌ಬಿಷಪ್ಪು ಹುದ್ದೆ ಪಡೆಯಲು ಫುಗ್ಗರ್ ಸಾಹುಕಾರರ ಬಳಿ ಮಾಡಿದ್ದ ಸಾಲ ತೀರಿಸಲು! ಅದನ್ನು ಪ್ರಶ್ನಿಸಿಯೇ ಮಾರ್ಟಿನ್ ಲೂಥರ್ ಆ ವರ್ಷ ಅಕ್ಟೋಬರ್ 31ರಂದು ತನ್ನ 95 ವಾದಗಳನ್ನು ಮುಂದಿಟ್ಟದ್ದು. ಅವನೂ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವ ಮೇಷ್ಟರೇ.

ಇದನ್ನು ಓದಿ ಯಾರೂ, ನೋಡಿ ಅವರ ಧರ್ಮ ಹೀಗೆ ಅಂತ ಬೀಗಬೇಕಾಗಿಲ್ಲ. ತಾಯಿತ ಕಟ್ಟುವವರು, ಗ್ರಹದೋಷ ಹೇಳಿ ಗಂಟು ಬಿಚ್ಚಿಸುವವರು, ನಿಧಿ ತೋರಿಸುತ್ತೇವೆ ಎನ್ನುವವರು ಎಲ್ಲ ಓಣಿಯಲ್ಲೂ ಇದ್ದಾರೆ. ಹನ್ನೆರಡನೆಯ ಶತಮಾನದ ವಚನಕಾರರೂ ಆಮೇಲಿನ ಸರ್ವಜ್ಞನೂ ಇಂಥ ಗುರುಗಳ ಬೆನ್ನು ಬಿಡಲಿಲ್ಲ. ಒಂದು ಧರ್ಮದೊಳಗಿನ ಕಳ್ಳರನ್ನು ಹಿಡಿಯುವ ಬೆಳಕು ಬಹಳ ಸಲ ಆ ಧರ್ಮದೊಳಗೇ ಇರುತ್ತದೆ ಎಂಬುದನ್ನು ಈ ಓದು ನಮಗೆ ತೋರಿಸಿತು. ಹೊರಗಿನಿಂದ ನಾವು ಕೂಗಿದ್ದರೆ ಆ ತಾಯಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಕಾನೂನೂ ಇದೆ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಜಾಹೀರಾತು ಕಾಯಿದೆ ಕೆಲವು ರೋಗಗಳನ್ನು ಮಂತ್ರ, ತಾಯಿತಗಳಿಂದ ಗುಣಪಡಿಸುತ್ತೇವೆ ಎಂದು ಜಾಹೀರಾತು ಮಾಡುವುದನ್ನು ತಡೆಯುತ್ತದೆ. ಆ ರೋಗಗಳ ಪಟ್ಟಿಯಲ್ಲಿ ಮೂರ್ಛೆರೋಗವೂ ಇದೆ. ಆದರೆ ಕಾನೂನಿನ ಪುಸ್ತಕ ಆಕೆಯ ಮನೆಯಲ್ಲಿರಲಿಲ್ಲ, ಬೈಬಲ್ಲು ಇತ್ತು.

ಆವತ್ತು ಸಂಜೆ ಪಾಸ್ಟರಯ್ಯ ಹೊರಡುವಾಗ ಆಕೆ ಕೇಳಿದ್ದು ಒಂದೇ: "ಗುಳಿಗಿ ನುಂಗಿಸಿದ್ರ ದೇವ್ರು ಸಿಟ್ಟಾಗಲ್ಲೇನು ಪಾಸ್ಟರಯ್ಯ?" ಅವರಂದರು: "ಪೌಲನ ಜೊತಿಗೆ ತಿರುಗಿದ ಲೂಕ ವೈದ್ಯ ಇದ್ದ ಯಮ್ಮಾ. ನುಂಗಿಸಿ ಪ್ರಾರ್ಥನಿ ಮಾಡು." ರಾತ್ರಿಯೇ ಗುಳಿಗೆ ಶುರುವಾಯಿತು. ಎಂಟು ಸಾವಿರ ವಾಪಸು ಬರಲಿಲ್ಲ. ಮಾರನೆಯ ವರ್ಷ ಆಕೆ ಮತ್ತೆ ಗುಂಟೂರಿಗೆ ಹೋದಳು. ಹುಡುಗ ಈಗಲೂ ಔಷಧದ ಮೇಲಿದ್ದಾನೆ, ಕಬಡ್ಡಿ ಆಡುತ್ತಾನೆ.

ಈಗ ಯಾಕೋಬನ ಮಾತಿಗೆ ಬರುತ್ತೇವೆ. ವಿಚಾರಣೆ ಕಾವಿ, ನಿಲುವಂಗಿ ತೊಟ್ಟವರಿಗೆ ಮಾತ್ರವೇ? ಶಾಲೆಯಲ್ಲಿ ಅರ್ಧ ಪಾಠ ಮಾಡಿ ಉಳಿದರ್ಧವನ್ನು ಟ್ಯೂಷನ್ನಿಗೆ ಇಟ್ಟುಕೊಂಡರೆ ಅದೂ ಉಣ್ಣೆಯ ವ್ಯಾಪಾರವೇ. 2009ರ ಶಿಕ್ಷಣ ಹಕ್ಕು ಕಾಯಿದೆಯ 28ನೆಯ ಕಲಂ ಶಿಕ್ಷಕರಿಗೆ ಖಾಸಗಿ ಟ್ಯೂಷನ್ ನಿಷೇಧಿಸಿರುವುದು ಸುಮ್ಮನೆ ಅಲ್ಲ. ಗಡಿಯ ಕನ್ನಡ ಶಾಲೆಗಳಲ್ಲಿ ನಮ್ಮನ್ನು ನಂಬುವವರು ಇನ್ನೂ ಬಡವರು. ಅವರಿಗೆ ಕಛೇರಿಯ ತೆಲುಗೂ ಸರಿಯಾಗಿ ಬಾರದು, ಅರ್ಜಿ ಬರೆಯಲೂ ಮೇಷ್ಟರೇ ಬೇಕು. ನಂಬಿಕೆ ಜಾಸ್ತಿ ಇದ್ದಷ್ಟೂ ಲೆಕ್ಕ ಜಾಸ್ತಿ ಇರಬೇಕು.

ಮಕ್ಕಳಿಗೆ ನಾವೀಗ ನಾಲ್ಕು ಪ್ರಶ್ನೆ ಕಲಿಸಿದ್ದೇವೆ. ಯಾರೇ ಗುರು ಬರಲಿ, ದೇವರ ಗುರುವಾಗಲಿ ಅಕ್ಷರದ ಗುರುವಾಗಲಿ, ಮನಸ್ಸಿನಲ್ಲಿ ಕೇಳಿಕೊಳ್ಳಿ ಅಂತ. ಈತ ದುಡ್ಡಿನ ಲೆಕ್ಕ ತೋರಿಸುತ್ತಾನೆಯೇ? ಹೆದರಿಸಿ ಕೇಳುತ್ತಾನೆಯೇ? ಡಾಕ್ಟರ ಹತ್ತಿರ, ಹಿರಿಯರ ಹತ್ತಿರ ಕೇಳಬೇಡಿ ಅನ್ನುತ್ತಾನೆಯೇ? ನಮಗೆ ಕಷ್ಟ ಬಂದ ದಿನ ಇಲ್ಲೇ ಇರುತ್ತಾನೆಯೇ?

ಯೋವಾಷನ ಪೆಟ್ಟಿಗೆಯ ಕಥೆ ಹೇಳಿದ ದಿನ ಆ ಏಳನೆಯ ತರಗತಿಯ ಹುಡುಗಿಯೇ ಕೈಯೆತ್ತಿದಳು. "ಸಾರ್, ಹಂಗಾದ್ರ ನಮ್ಮ ವಾರ್ಷಿಕೋತ್ಸವದ ಚಂದಾ ಲೆಕ್ಕಾನೂ ಬೋರ್ಡಿನ ಮ್ಯಾಲೆ ಬರೀತೀರಾ?"

ಹೆಡ್ ಮೇಷ್ಟರು ನಮ್ಮ ಮುಖ ನೋಡಿದರು, ನಾವು ಅವರ ಮುಖ ನೋಡಿದೆವು. ಆಮೇಲೆ ಚಾಕ್‌ಪೀಸು ತೆಗೆದುಕೊಂಡು ಅವರೇ ಬರೆದರು. ಜಮಾ 4,350. ಶಾಮಿಯಾನ, ಮೈಕು, ಬಹುಮಾನದ ತಟ್ಟೆ ಲೋಟ, ಮಂಡಕ್ಕಿ ಮಿರ್ಚಿ ಸೇರಿ ಖರ್ಚು 4,290. ಉಳಿದದ್ದು 60. ಅದರಲ್ಲಿ ಬೋರ್ಡಿಗೆ ಹೊಸ ಡಸ್ಟರು ಬಂತು.